ಕಾಯೋದು ಅವರು, ಹೊಣೆ ನಮ್ದು: ಮ್ಯಾನೇಜ್ಡ್ ಹೋಸ್ಟಿಂಗ್ ಆರಿಸುವ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಹೋದ ಸೆಮಿಸ್ಟರ್‌ನ ಎರಡನೇ ಇಂಟರ್ನಲ್ಸ್ ಮುಗಿದ ಮರುದಿನ ಬೆಳಿಗ್ಗೆ ಕೆರೆಬಿಳಚಿಯಿಂದ ಫೋನ್ ಬಂತು. "ಏನ್ರಪ್ಪಾ, ನಿಮ್ಮ ಸೈಟು ತೆಗೆದ್ರೆ ಸುತ್ತುತಾನೇ ಐತೆ. ಜನ ಬಂದು ನಿಂತವ್ರೆ ಇಲ್ಲಿ." ಮಾತಾಡಿದವರು ಅಲ್ಲಿನ ಒಂದು ಸಣ್ಣ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿಗಳು. ಚನ್ನಗಿರಿ ತಾಲ್ಲೂಕಿನ ಈ ಊರಿನ ಸಂಘಕ್ಕೆ ನಾವು ನಾಲ್ಕು ಜನ ಸೇರಿ ಮಿನಿ ಪ್ರಾಜೆಕ್ಟ್ ಅಂತ ಒಂದು ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೆವು. ಆರುನೂರು ಚಿಲ್ಲರೆ ಸದಸ್ಯರ ಹೆಸರು, ಫೋನ್ ನಂಬರ್, ಆಧಾರ್, ಬ್ಯಾಂಕ್ ಖಾತೆ, ಯಾರು ಎಷ್ಟು ಸಾಲ ತಗೊಂಡಿದ್ದಾರೆ, ಎಷ್ಟು ಬಾಕಿ ಎಲ್ಲವೂ ಅದರಲ್ಲಿತ್ತು. ತಿಂಗಳಿಗೆ ಕೆಲವು ನೂರು ರೂಪಾಯಿಯ ಒಂದು ವಿಪಿಎಸ್ ಮೇಲೆ ಅದು ಓಡುತ್ತಿತ್ತು. ಸರ್ವರ್ ನೋಡಿಕೊಳ್ಳೋರು ನಾವೇ. ಅಂದ್ರೆ, ಪರೀಕ್ಷೆ ಇಲ್ಲದ ದಿನ ನೋಡಿಕೊಳ್ಳೋರು.

ಲಾಗಿನ್ ಆಗಿ ಟಾಪ್ ಕಮಾಂಡ್ ಕೊಟ್ಟೆವು. ಸಿಪಿಯು ನೂರಕ್ಕೆ ನೂರು. ಮೇಲೆ ಕೂತಿದ್ದ ಪ್ರಾಸೆಸ್‌ನ ಹೆಸರು ಲಿನಕ್ಸ್ ಕರ್ನಲ್‌ನದೇ ಒಂದು ಥ್ರೆಡ್‌ನ ಹೆಸರಿದ್ದಂಗಿತ್ತು. ಕೊನೆಯಲ್ಲಿ ಮಾತ್ರ ಒಂದು 'ಐ' ಅಕ್ಷರ ಜಾಸ್ತಿ. ಗೂಗಲ್ ಮಾಡಿದರೆ ಗೊತ್ತಾಯ್ತು, ಅದು ಕ್ರಿಪ್ಟೋ ಮೈನರ್. ಯಾರೋ ನಮ್ಮ ಸರ್ವರ್‌ನಲ್ಲಿ ತಮಗೆ ದುಡ್ಡು ಅಗೆಯುತ್ತಿದ್ದರು.

ಈ ಲೇಖನ ಆ ದಿನದ ಕಥೆಗಿಂತ ಹೆಚ್ಚಾಗಿ, ಆಮೇಲೆ ನಾವು ಮ್ಯಾನೇಜ್ಡ್ ಹೋಸ್ಟಿಂಗ್ ಹುಡುಕಲು ಹೊರಟಾಗ ಕಲಿತದ್ದರ ಬಗ್ಗೆ. ನಮ್ಮ ಕ್ಯಾಂಪಸ್‌ನಲ್ಲಿ ಈಗ ಎಲ್ಲರೂ ಯಾರಿಗೋ ಒಂದು ಸೈಟು, ಒಂದು ಆ್ಯಪ್ ಮಾಡಿಕೊಡುತ್ತಲೇ ಇದ್ದಾರೆ. ಮಾವನ ಅಂಗಡಿ, ಊರಿನ ಶಾಲೆ, ಹಾಲಿನ ಡೈರಿ, ಹೀಗೆ. ನಿಮಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇವೆ.

ತಪ್ಪು ಎಲ್ಲಾಯ್ತು

ನಾವು ಫೈರ್‌ವಾಲ್ ಹಾಕಿರಲಿಲ್ಲ ಅಂದುಕೋಬೇಡಿ. ಉಬುಂಟುವಿನ ಯುಎಫ್‌ಡಬ್ಲ್ಯೂ ಆನ್ ಮಾಡಿ 22, 80, 443 ಈ ಮೂರು ಪೋರ್ಟ್ ಬಿಟ್ಟು ಬೇರೆಲ್ಲ ಮುಚ್ಚಿದ್ದೆವು. ಸ್ಟೇಟಸ್ ನೋಡಿದರೂ ಹಾಗೇ ತೋರಿಸುತ್ತಿತ್ತು. ಆದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಓಡುತ್ತಿದ್ದದ್ದು ಡಾಕರ್ ಕಂಟೇನರ್‌ನಲ್ಲಿ. ಕಂಪೋಸ್ ಫೈಲ್‌ನಲ್ಲಿ 5432:5432 ಅಂತ ಒಂದು ಸಾಲು ಇತ್ತು, ಲ್ಯಾಪ್‌ಟಾಪ್‌ನಿಂದ ಕನೆಕ್ಟ್ ಮಾಡೋಕೆ ಅನುಕೂಲ ಅಂತ ಹಾಕಿದ್ದು. ಡಾಕರ್ ಹೀಗೆ ಪೋರ್ಟ್ ತೆರೆಯುವಾಗ ಐಪಿಟೇಬಲ್ಸ್‌ನಲ್ಲಿ ನೇರವಾಗಿ ತನ್ನ ನಿಯಮ ಬರೆಯುತ್ತದೆ; ಯುಎಫ್‌ಡಬ್ಲ್ಯೂ ಹಾಕಿದ ತಡೆ ಆ ದಾರಿಗೆ ಅನ್ವಯಿಸೋದೇ ಇಲ್ಲ. ಮುಂದಿನ ಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತಾಯಿತು. ಪಾಸ್‌ವರ್ಡ್ ಏನಿತ್ತು ಅಂತ ಕೇಳಬೇಡಿ. ಯೂಸರ್ ನೇಮ್ ಏನಿತ್ತೋ ಅದೇ ಇತ್ತು.

ಪೋಸ್ಟ್‌ಗ್ರೆಸ್‌ನ ಸೂಪರ್ ಯೂಸರ್ ಆಗಿ ಒಳಗೆ ಬಂದವನು ಡೇಟಾ ಓದುವುದಷ್ಟೇ ಅಲ್ಲ, ಅಲ್ಲಿಂದಲೇ ಆಪರೇಟಿಂಗ್ ಸಿಸ್ಟಮ್‌ನ ಕಮಾಂಡ್‌ಗಳನ್ನೂ ಓಡಿಸಬಹುದು. ಮೈನರ್ ಬಂದದ್ದು ಹಾಗೆ. ಇಂಟರ್ನೆಟ್ಟಿಗೆ ತೆರೆದ ಡೇಟಾಬೇಸ್‌ಗಳನ್ನು ಹುಡುಕಿಕೊಂಡು ತಿರುಗುವ ಬಾಟ್‌ಗಳಿಗೆ ಕೆರೆಬಿಳಚಿ ಎಲ್ಲಿದೆ ಅಂತ ಗೊತ್ತಿರಬೇಕಾಗಿಲ್ಲ. ಐಪಿ ವಿಳಾಸ ಇದ್ದರೆ ಸಾಕು. 2017ರ ಜನವರಿಯಲ್ಲಿ ಹೀಗೇ ಪಾಸ್‌ವರ್ಡ್ ಇಲ್ಲದೆ ತೆರೆದಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳನ್ನು ಅಳಿಸಿ, ದುಡ್ಡು ಕೊಟ್ಟರೆ ವಾಪಸ್ ಕೊಡ್ತೀವಿ ಅಂತ ಚೀಟಿ ಬಿಟ್ಟು ಹೋಗಿದ್ದರು.

ಇನ್ನೂ ದೊಡ್ಡ ತಪ್ಪು ಆಮೇಲೆ ಮಾಡಿದೆವು. ಗಾಬರಿಯಲ್ಲಿ ಇಡೀ ವಿಪಿಎಸ್ ಫಾರ್ಮ್ಯಾಟ್ ಮಾಡಿ, ಹಳೇ ಬ್ಯಾಕಪ್‌ನಿಂದ ಹೊಸದಾಗಿ ಕಟ್ಟಿದೆವು. ಮಧ್ಯಾಹ್ನದ ಹೊತ್ತಿಗೆ ಸೈಟು ಓಡಿತು. ಎರಡು ದಿನ ಬಾಯಿ ಬಿಡಲಿಲ್ಲ. ಆಮೇಲೆ ಮನಸ್ಸು ತಡೆಯದೆ ಹೋಗಿ ಹೇಳಿದಾಗ ಕಾರ್ಯದರ್ಶಿಗಳು ಒಂದೇ ಪ್ರಶ್ನೆ ಕೇಳಿದರು: "ಅಲ್ರಪ್ಪಾ, ಜನದ ಆಧಾರ್ ನಂಬರ್ರು, ಸಾಲದ ಲೆಕ್ಕ ಹೊರಗೆ ಹೋಗೈತೋ ಇಲ್ವೋ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಲಾಗ್ ಇದ್ದದ್ದು ಆ ಸರ್ವರ್‌ನಲ್ಲೇ. ಅದನ್ನು ನಾವೇ ಅಳಿಸಿದ್ದೆವು. ಮೊದಲು ನೆಟ್‌ವರ್ಕ್ ಕಡಿದು, ಡಿಸ್ಕ್‌ನ ಸ್ನ್ಯಾಪ್‌ಶಾಟ್ ತೆಗೆದಿಟ್ಟು, ಆಮೇಲೆ ಹೊಸದು ಕಟ್ಟಬೇಕಿತ್ತು. ಮೈನರ್ ಹಾಕಿದವನು ಬರೀ ಸಿಪಿಯು ಕದ್ದನೋ, ಡೇಟಾಬೇಸ್ ಕೂಡ ನಕಲು ಮಾಡಿಕೊಂಡನೋ, ಇವತ್ತಿಗೂ ಹೇಳಲಾರೆವು. ಸಂಘದ ಬಾಗಿಲಲ್ಲಿ ಕನ್ನಡದಲ್ಲೂ ಉರ್ದುವಿನಲ್ಲೂ ಒಂದು ನೋಟಿಸ್ ಹಾಕಿದೆವು: ನಿಮ್ಮ ಸಾಲದ ವಿವರ ಹೇಳಿ ಯಾರಾದರೂ ಫೋನ್ ಮಾಡಿದರೆ ಓಟಿಪಿ ಕೊಡಬೇಡಿ, ದುಡ್ಡು ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ. ಅದನ್ನು ಓದುತ್ತಾ ನಿಂತ ಅಜ್ಜಿಯೊಬ್ಬರು ನಮ್ಮ ಕಡೆ ತಿರುಗಿ ನೋಡಿದ್ದು ಯಾವ ವೈವಾಗಿಂತಲೂ ಭಾರವಾಗಿತ್ತು.

ಏರಿ ಯಾರದು, ಬದು ಯಾರದು

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅನ್ನೋ ಹಾಗೆ, ಆಮೇಲೆ ಮ್ಯಾನೇಜ್ಡ್ ಹೋಸ್ಟಿಂಗ್ ಹುಡುಕಿದೆವು. ಸುಲಭ ಅಂದುಕೊಂಡಿದ್ದೆವು. ದುಡ್ಡು ಜಾಸ್ತಿ ಕೊಡೋದು, ತಲೆನೋವು ಅವರಿಗೆ ಬಿಡೋದು. ಆದರೆ 'ಮ್ಯಾನೇಜ್ಡ್' ಎಂಬ ಪದಕ್ಕೆ ಒಬ್ಬೊಬ್ಬರು ಒಂದೊಂದು ಅರ್ಥ ಕೊಡುತ್ತಾರೆ. ಕೆಲವರ ಪ್ರಕಾರ ಕಂಟ್ರೋಲ್ ಪ್ಯಾನೆಲ್ ಹಾಕಿಕೊಟ್ಟರೆ ಮುಗಿಯಿತು. ಕೆಲವರು ಆಪರೇಟಿಂಗ್ ಸಿಸ್ಟಮ್‌ನ ಅಪ್‌ಡೇಟ್ ಮಾಡುತ್ತಾರೆ, ಡೇಟಾಬೇಸ್ ಮುಟ್ಟುವುದಿಲ್ಲ. ಕೆಲವರು ಡೇಟಾಬೇಸ್, ಬ್ಯಾಕಪ್, ಮಾನಿಟರಿಂಗ್ ಎಲ್ಲ ನೋಡಿಕೊಳ್ಳುತ್ತಾರೆ, ಆದರೆ ನಮ್ಮ ಕೋಡ್‌ನಲ್ಲಿನ ತೂತಿಗೆ ಯಾರೂ ಹೊಣೆ ಹೊರುವುದಿಲ್ಲ.

ಇದನ್ನು ಸಂಘದ ಸಭೆಯಲ್ಲಿ ವಿವರಿಸಲು ಒದ್ದಾಡುತ್ತಿದ್ದಾಗ ಕಾರ್ಯದರ್ಶಿಗಳೇ ಹೇಳಿದರು: "ಸೂಳೆಕೆರೆ ಇದ್ದಂಗೆ ಬಿಡ್ರಪ್ಪಾ. ಏರಿ ಇಲಾಖೆದು, ಬದು ನಮ್ದು." ಶಾಂತಿಸಾಗರ ಅಂತಲೂ ಕರೆಯುವ ಸೂಳೆಕೆರೆ ಆ ಊರಿನ ಪಕ್ಕದಲ್ಲೇ ಇದೆ. ಗುಡ್ಡಗಳ ನಡುವಿನ ಏರಿ, ತೂಬು, ಸಿದ್ಧ ನಾಲೆ, ಬಸವ ನಾಲೆ ಇವನ್ನು ನೋಡಿಕೊಳ್ಳುವುದು ಸರ್ಕಾರದ ಕೆಲಸ. ನಾಲೆಯಿಂದ ನೀರು ಗದ್ದೆಗೆ ಬಂದ ಮೇಲೆ ಬದು ಒಡೆದು ಹರಿದುಹೋದರೆ ಇಲಾಖೆಯನ್ನು ಬೈದು ಪ್ರಯೋಜನ ಇಲ್ಲ. ಕ್ಲೌಡ್ ಕಂಪನಿಗಳು ಹಂಚಿಕೊಂಡ ಹೊಣೆ ಅನ್ನೋದು ಇದನ್ನೇ.

ಪದರ ಪದರವಾಗಿ ಬಿಡಿಸಿದರೆ ಹೀಗೆ: ಕಟ್ಟಡ, ಕರೆಂಟು, ನೆಟ್‌ವರ್ಕ್, ಹಾರ್ಡ್‌ವೇರ್; ಅದರ ಮೇಲೆ ವರ್ಚುವಲೈಸೇಶನ್; ಅದರ ಮೇಲೆ ಆಪರೇಟಿಂಗ್ ಸಿಸ್ಟಮ್; ಅದರ ಮೇಲೆ ವೆಬ್ ಸರ್ವರ್, ಡೇಟಾಬೇಸ್, ಲ್ಯಾಂಗ್ವೇಜ್ ರನ್‌ಟೈಮ್; ಅದರ ಮೇಲೆ ನಮ್ಮ ಕೋಡ್ ಮತ್ತು ಲೈಬ್ರರಿಗಳು; ಎಲ್ಲಕ್ಕಿಂತ ಮೇಲೆ ಡೇಟಾ ಮತ್ತು ಅದನ್ನು ಯಾರು ನೋಡಬಹುದು ಎಂಬ ನಿಯಮ. ಸಾದಾ ವಿಪಿಎಸ್‌ನಲ್ಲಿ ಮೊದಲ ಎರಡು ಮಾತ್ರ ಅವರದು. ಮ್ಯಾನೇಜ್ಡ್‌ನಲ್ಲಿ ಮೂರನೆಯದೂ, ನಾಲ್ಕನೆಯದರಲ್ಲಿ ಸ್ವಲ್ಪವೋ ಪೂರ್ತಿಯೋ ಅವರಿಗೆ ಹೋಗುತ್ತದೆ. ಕೊನೆಯ ಎರಡು ಯಾವತ್ತೂ ನಮ್ಮವೇ.

ಕಾನೂನು ಕೂಡ ಇದನ್ನೇ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ದತ್ತಾಂಶವನ್ನು ಯಾಕೆ, ಹೇಗೆ ಬಳಸಬೇಕು ಅಂತ ನಿರ್ಧರಿಸುವವರೇ ಅದರ ಸುರಕ್ಷತೆಗೆ ಹೊಣೆ. ಕೆಲಸವನ್ನು ಬೇರೆ ಕಂಪನಿಗೆ ಒಪ್ಪಿಸಿದ್ದರೂ ಅಷ್ಟೇ, ಆ ಕಂಪನಿಯ ಜೊತೆ ಒಪ್ಪಂದವೂ ಇರಬೇಕು. ತಕ್ಕಷ್ಟು ಸುರಕ್ಷತಾ ಕ್ರಮ ಇಲ್ಲದೆ ಸೋರಿಕೆಯಾದರೆ ದಂಡದ ಮಿತಿ 250 ಕೋಟಿ ರೂಪಾಯಿವರೆಗೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಹಂತ ಹಂತವಾಗಿ ಜಾರಿಗೆ ಬರುತ್ತವೆ. ಅಂದರೆ ನಾಳೆ ಹೋಸ್ಟಿಂಗ್ ಕಂಪನಿಯಿಂದ ಡೇಟಾ ಸೋರಿದರೂ ಸದಸ್ಯರಿಗೆ ಉತ್ತರ ಕೊಡಬೇಕಾದವರು ಸಂಘದವರೇ.

ಸಹಕಾರ ಸಂಘಗಳಿಗೆ ಇದು ಎಷ್ಟು ಹತ್ತಿರದ ಮಾತು ಅನ್ನೋದಕ್ಕೆ 2024ರ ಜುಲೈ ನೆನಪು ಮಾಡಿಕೊಳ್ಳಿ. ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾಯಿತು. ಜುಲೈ 31ರಂದು ಎನ್‌ಪಿಸಿಐ ಆ ಕಂಪನಿಯನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಸೇವೆ ನಿಂತಿತು. ಆ ಬ್ಯಾಂಕುಗಳು ಸ್ವತಃ ಯಾವ ತಪ್ಪೂ ಮಾಡಿರಲಿಲ್ಲ. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆಯ ವಿಶ್ಲೇಷಣೆಯ ಪ್ರಕಾರ ದಾಳಿ ಶುರುವಾದದ್ದು ಸಿ-ಎಡ್ಜ್‌ನ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಂದು ಕಂಪನಿಯಲ್ಲಿ, ಸರಿಯಾಗಿ ಹೊಂದಿಸದಿದ್ದ ಒಂದು ಜೆಂಕಿನ್ಸ್ ಸರ್ವರ್‌ನಿಂದ. ನಾವು ಲ್ಯಾಬಿನಲ್ಲಿ ಬಿಲ್ಡ್ ಓಡಿಸೋಕೆ ಬಳಸುವ ಅದೇ ಜೆಂಕಿನ್ಸ್. ನಾವು ನಂಬಿದವರು ಯಾರನ್ನು ನಂಬಿದ್ದಾರೆ ಅನ್ನೋದೂ ನಮ್ಮ ಚಿಂತೆಯೇ.

ಕೇಳಬೇಕಾದ ಪ್ರಶ್ನೆಗಳು

ಜಾಹೀರಾತಿನಲ್ಲಿ ಎಲ್ಲರದೂ 'ಬ್ಯಾಂಕ್ ಮಟ್ಟದ ಭದ್ರತೆ'. ಅದಕ್ಕೆ ನಾವು ಒಂದು ಪ್ರಶ್ನೆಪಟ್ಟಿ ಮಾಡಿ ಮೂರು ಕಂಪನಿಗಳಿಗೆ ಮೇಲ್ ಹಾಕಿದೆವು. ಉತ್ತರ ಬರಹದಲ್ಲೇ ಬೇಕು ಅಂದೆವು. ಪಟ್ಟಿ ಇದು.

1. ಪ್ಯಾಚ್ ಯಾವುದಕ್ಕೆ ಹಾಕ್ತೀರಿ, ಎಷ್ಟು ಹೊತ್ತಿನಲ್ಲಿ?

ಎರಡು ಹಳೇ ಉದಾಹರಣೆ ಕೊಟ್ಟು ಕೇಳಿ. 2024ರ ಜುಲೈ 1ರಂದು ಓಪನ್‌ಎಸ್‌ಎಸ್‌ಎಚ್‌ನಲ್ಲಿ 'ರಿಗ್ರೆಶನ್' ಎಂಬ ದೋಷ ಹೊರಬಿತ್ತು. ಆಪರೇಟಿಂಗ್ ಸಿಸ್ಟಮ್‌ನ ಭಾಗವಾದ್ದರಿಂದ ಮ್ಯಾನೇಜ್ಡ್ ಕಂಪನಿಯೇ ಅದನ್ನು ಸರಿಮಾಡಬೇಕು. 2021ರ ಡಿಸೆಂಬರ್‌ನ ಲಾಗ್4ಶೆಲ್ ಹಾಗಲ್ಲ. ಅದು ಇದ್ದದ್ದು ಜಾವಾ ಅಪ್ಲಿಕೇಶನ್‌ನ ಒಳಗಿನ ಲೈಬ್ರರಿಯಲ್ಲಿ, ಅಂದರೆ ನಮ್ಮ ಪದರದಲ್ಲಿ. ಎರಡಕ್ಕೂ "ಎಲ್ಲಾ ನಾವೇ ನೋಡ್ಕೋತೀವಿ" ಅನ್ನುವವರಿಗೆ ಪ್ರಶ್ನೆಯೇ ಅರ್ಥವಾಗಿಲ್ಲ ಅಂತ ತಿಳಿಯಿರಿ. ಡಾಕರ್ ಬಳಸುವವರು ಇನ್ನೊಂದು ಕೇಳಿ: ಕಂಟೇನರ್ ಒಳಗಿನ ಇಮೇಜ್ ಅಪ್‌ಡೇಟ್ ಮಾಡೋರು ಯಾರು? ಸಾಮಾನ್ಯವಾಗಿ ಉತ್ತರ 'ನೀವು'. ಹೋಸ್ಟ್ ಎಷ್ಟು ಹೊಸದಾಗಿದ್ದರೂ ಒಳಗೆ ಎರಡು ವರ್ಷದ ಹಳೇ ಇಮೇಜ್ ಕೂತಿರಬಹುದು. ಇದರ ಜೊತೆಗೆ, ಆಪರೇಟಿಂಗ್ ಸಿಸ್ಟಮ್‌ನ ಬೆಂಬಲದ ಅವಧಿ ಮುಗಿದಾಗ ಹೊಸ ಆವೃತ್ತಿಗೆ ಏರಿಸುವ ಕೆಲಸ ತಿಂಗಳ ಬಿಲ್ಲಿನಲ್ಲಿ ಸೇರಿದೆಯೋ, ಬೇರೆ ದುಡ್ಡೋ? ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ಕ್ಕೆ ಬೆಂಬಲ ಮುಗಿಯಿತು. ಅದರ ಮೇಲೆ ಕೂತಿದ್ದವರಿಗೆಲ್ಲ ಈ ಪ್ರಶ್ನೆ ಎದುರಾಗಿತ್ತು.

2. ನಮ್ಮ ಸರ್ವರ್‌ನ ಕೀಲಿ ನಿಮ್ಮಲ್ಲಿ ಯಾರ್‍ಯಾರ ಹತ್ತಿರ ಇರುತ್ತೆ?

ಮ್ಯಾನೇಜ್ಡ್ ಅಂದರೆ ಅವರ ಸಿಬ್ಬಂದಿಗೆ ನಮ್ಮ ಸರ್ವರ್‌ನ ಒಳಗೆ ಬರುವ ಅಧಿಕಾರ ಕೊಟ್ಟಂತೆ. ಅನುಕೂಲವೂ ಅದೇ, ಅಪಾಯವೂ ಅದೇ. 2021ರ ನವೆಂಬರ್‌ನಲ್ಲಿ ಗೋಡ್ಯಾಡಿ ಕಂಪನಿ ತನ್ನ ಮ್ಯಾನೇಜ್ಡ್ ವರ್ಡ್‌ಪ್ರೆಸ್ ಸೇವೆಗೆ ಕಳ್ಳರು ನುಗ್ಗಿದ್ದನ್ನು ಬಹಿರಂಗಪಡಿಸಿತು. ಸೈಟುಗಳನ್ನು ಸಿದ್ಧಮಾಡಿಕೊಡುವ ವ್ಯವಸ್ಥೆಯ ಒಂದೇ ಒಂದು ಪಾಸ್‌ವರ್ಡ್ ಕೈತಪ್ಪಿತ್ತು. 12 ಲಕ್ಷದವರೆಗೆ ಗ್ರಾಹಕರ ಇಮೇಲ್ ವಿಳಾಸ, ಸಕ್ರಿಯ ಗ್ರಾಹಕರ ಎಸ್‌ಎಫ್‌ಟಿಪಿ ಮತ್ತು ಡೇಟಾಬೇಸ್ ಪಾಸ್‌ವರ್ಡ್‌ಗಳು, ಕೆಲವರ ಎಸ್‌ಎಸ್‌ಎಲ್ ಖಾಸಗಿ ಕೀಲಿಗಳು ಬಯಲಾದವು. ಸೆಪ್ಟೆಂಬರ್ 6ಕ್ಕೆ ಒಳಗೆ ಬಂದವರು ಗೊತ್ತಾದದ್ದು ನವೆಂಬರ್ 17ಕ್ಕೆ. 72 ದಿನ! ಆ ಗ್ರಾಹಕರು ತಮ್ಮ ಕಡೆ ಎಷ್ಟು ಎಚ್ಚರವಾಗಿದ್ದರೂ ಏನೂ ಮಾಡುವಂತಿರಲಿಲ್ಲ.

ಆದ್ದರಿಂದ ಕೇಳಿ: ಸಿಬ್ಬಂದಿ ಲಾಗಿನ್‌ಗೆ ಎರಡನೇ ಹಂತದ ದೃಢೀಕರಣ ಇದೆಯಾ? ಎಲ್ಲರೂ ಒಂದೇ ರೂಟ್ ಪಾಸ್‌ವರ್ಡ್ ಹಂಚಿಕೊಳ್ಳುತ್ತಾರಾ, ಒಬ್ಬೊಬ್ಬರಿಗೂ ಬೇರೆ ಕೀಲಿಯಾ? ಯಾರು ಯಾವಾಗ ಒಳಗೆ ಬಂದರು ಅಂತ ನಮಗೆ ನೋಡಲು ಸಿಗುತ್ತಾ? ಕೆಲಸ ಬಿಟ್ಟುಹೋದವರ ಕೀಲಿ ಯಾವಾಗ ತೆಗೆಯುತ್ತೀರಿ? ಇನ್ನೊಂದು ಸಣ್ಣ ಪರೀಕ್ಷೆ ಇದೆ. ಸಪೋರ್ಟ್‌ಗೆ ಬೇರೆ ನಂಬರ್‌ನಿಂದ ಫೋನ್ ಮಾಡಿ, ನಿಮ್ಮದೇ ಖಾತೆಯ ಪಾಸ್‌ವರ್ಡ್ ರೀಸೆಟ್ ಮಾಡಿಕೊಡಿ ಅನ್ನಿ. ಹೆಸರು, ಡೊಮೇನ್ ಹೇಳಿದ ತಕ್ಷಣ ಮಾಡಿಕೊಟ್ಟರೆ ಅಲ್ಲಿಂದ ಓಡಿಬನ್ನಿ.

3. ಬ್ಯಾಕಪ್ ಎಲ್ಲಿರುತ್ತೆ, ಅದನ್ನು ಯಾರು ಅಳಿಸಬಹುದು?

'ದಿನಾ ಬ್ಯಾಕಪ್' ಅಂತ ಎಲ್ಲರೂ ಬರೆದಿರುತ್ತಾರೆ. ಜಾಗ ಕೇಳಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್‌ಗೆ ದುಡ್ಡು ಕೊಟ್ಟಿದ್ದ ಕೆಲವು ಗ್ರಾಹಕರ ಬ್ಯಾಕಪ್ಪೂ ಅಲ್ಲೇ ಇತ್ತು, ಅದೂ ಬೂದಿಯಾಯಿತು.

ಬೆಂಕಿಗಿಂತ ಕೆಟ್ಟದ್ದು 2023ರ ಆಗಸ್ಟ್ 18ರಂದು ಡೆನ್ಮಾರ್ಕ್‌ನ ಕ್ಲೌಡ್‌ನಾರ್ಡಿಕ್‌ಗೆ ಆದದ್ದು. ಒಂದು ಡೇಟಾ ಸೆಂಟರ್‌ನಿಂದ ಇನ್ನೊಂದಕ್ಕೆ ಸರ್ವರ್ ಸಾಗಿಸುವಾಗ, ಮೊದಲೇ ಸೋಂಕು ತಗುಲಿದ್ದ ಸರ್ವರ್‌ಗಳು ಎಲ್ಲವನ್ನೂ ನಿಯಂತ್ರಿಸುವ ಒಳಜಾಲಕ್ಕೆ ಸೇರಿಕೊಂಡವು. ದಾಳಿಕೋರರು ಗ್ರಾಹಕರ ಡಿಸ್ಕುಗಳ ಜೊತೆಗೆ ಮೊದಲ ಬ್ಯಾಕಪ್ಪನ್ನೂ ಎರಡನೇ ಬ್ಯಾಕಪ್ಪನ್ನೂ ಎನ್‌ಕ್ರಿಪ್ಟ್ ಮಾಡಿದರು. ಹೆಚ್ಚಿನ ಗ್ರಾಹಕರ ಡೇಟಾ ಹೋಯಿತು ಅಂತ ಕಂಪನಿಯೇ ಒಪ್ಪಿಕೊಳ್ಳಬೇಕಾಯಿತು.

ಪಾಠ ಏನು? ಸರ್ವರ್ ಮುಟ್ಟುವ ಕೀಲಿಯಿಂದಲೇ ಬ್ಯಾಕಪ್ ಅಳಿಸಲೂ ಸಾಧ್ಯವಿದ್ದರೆ ಅದು ಬ್ಯಾಕಪ್ ಅಲ್ಲ, ಇನ್ನೊಂದು ನಕಲು ಅಷ್ಟೇ. ಮೂರು ಪ್ರತಿ, ಎರಡು ಬಗೆಯ ಸಂಗ್ರಹ, ಒಂದು ಬೇರೆ ಜಾಗದಲ್ಲಿ ಅನ್ನೋ ಹಳೇ 3-2-1 ಸೂತ್ರ ಈಗಲೂ ಸರಿ. ಅದರ ಮೇಲೆ, ಒಂದು ಪ್ರತಿ ಇಂತಿಷ್ಟು ದಿನ ಯಾರೂ ಅಳಿಸಲಾಗದಂತೆ ಲಾಕ್ ಆಗಿರಬೇಕು. ಮತ್ತೆ, ಆ ಒಂದು ಪ್ರತಿ ಹೋಸ್ಟಿಂಗ್ ಕಂಪನಿಯ ಹೊರಗೆ, ನಮ್ಮ ಕೈಯಲ್ಲೇ ಇರಲಿ, ಎನ್‌ಕ್ರಿಪ್ಟ್ ಆಗಿ.

4. ಲಾಗ್ ಎಷ್ಟು ದಿನ ಇಡ್ತೀರಿ, ಎಲ್ಲಿ ಇಡ್ತೀರಿ?

ಈ ಪ್ರಶ್ನೆ ನಮಗೆ ಗಾಯದ ಮೇಲಿನ ಉಪ್ಪು. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಸೇವಾದಾರರು, ಡೇಟಾ ಸೆಂಟರ್‌ಗಳು, ಕಂಪನಿಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಭಾರತದಲ್ಲಿ ಇಡಬೇಕು. ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು. ಗಡಿಯಾರಗಳು ಎನ್‌ಟಿಪಿ ಮೂಲಕ ಒಂದೇ ಸಮಯ ತೋರಿಸಬೇಕು. ಕೊನೆಯದು ಸಣ್ಣದು ಅನ್ನಿಸಬಹುದು, ಆದರೆ ಎರಡು ಸರ್ವರ್‌ಗಳ ಲಾಗ್ ಹೊಂದಿಸಿ ನೋಡುವಾಗ ಐದು ನಿಮಿಷ ಹೆಚ್ಚುಕಮ್ಮಿ ಇದ್ದರೆ ಯಾವುದು ಮೊದಲು ಆಯ್ತು ಅಂತ ತಿಳಿಯೋದೇ ಇಲ್ಲ. ಕಂಪನಿಗೆ ಕೇಳಿ: ಲಾಗ್ ಅದೇ ಸರ್ವರ್‌ನಲ್ಲೇ ಇರುತ್ತಾ, ಬೇರೆ ಕಡೆ ಹೋಗುತ್ತಾ? ಏನಾದರೂ ಆದರೆ ನಮಗೆ ಎಷ್ಟು ಗಂಟೆಯಲ್ಲಿ ಹೇಳ್ತೀರಿ? ಅವರು ಎರಡು ದಿನ ಬಿಟ್ಟು ಹೇಳಿದರೆ ನಮ್ಮ 6 ಗಂಟೆಯ ಲೆಕ್ಕ ಏನಾಗಬೇಕು?

5. ಟ್ರಾಫಿಕ್ ಪ್ರವಾಹ ಬಂದರೆ?

ಕಾವೇರಿ 2.0 ನೆನಪಿರಬಹುದು, ನಮ್ಮ ರಾಜ್ಯದ ಆಸ್ತಿ ನೋಂದಣಿಯ ಪೋರ್ಟಲ್. 2025ರ ಜನವರಿಯಲ್ಲಿ ಅದರ ಮೇಲೆ ಡಿಡಾಸ್ ದಾಳಿಯಾಗಿ ನೋಂದಣಿಗೆ ಬಂದವರು ಪರದಾಡಿದರು. 62 ಇಮೇಲ್ ಖಾತೆ, 14 ಐಪಿ ವಿಳಾಸಗಳಿಂದ ಎರಡು ಗಂಟೆಯಲ್ಲಿ 6.2 ಲಕ್ಷ ಕೋರಿಕೆಗಳು ಬಂದಿದ್ದವು ಎಂದು ವರದಿಯಾಯಿತು. ಗಮನಿಸಿ, ಇದು ಲಕ್ಷಾಂತರ ಯಂತ್ರಗಳ ದಾಳಿ ಅಲ್ಲ. ನಕಲಿ ಖಾತೆ ಮಾಡಿಕೊಂಡು, ಋಣಭಾರ ಪ್ರಮಾಣಪತ್ರ ಹುಡುಕುವ ಭಾರದ ಕೆಲಸವನ್ನೇ ಮತ್ತೆ ಮತ್ತೆ ಕೇಳಿದ್ದು. ಇಂಥದ್ದು ನೆಟ್‌ವರ್ಕ್ ಮಟ್ಟದಲ್ಲಿ ಸಾಮಾನ್ಯ ಗ್ರಾಹಕರಂತೆಯೇ ಕಾಣುತ್ತದೆ. 'ಡಿಡಾಸ್ ರಕ್ಷಣೆ ಉಚಿತ' ಎಂದರೆ ಯಾವ ಪದರದ್ದು ಅಂತ ಕೇಳಿ. ಒಂದು ಖಾತೆಯಿಂದ ನಿಮಿಷಕ್ಕೆ ಎಷ್ಟು ಹುಡುಕಾಟ ಬಿಡಬೇಕು ಅನ್ನೋ ಮಿತಿ ನಮ್ಮ ಕೋಡ್‌ನಲ್ಲೇ ಇರಬೇಕು.

6. ಪ್ರಮಾಣಪತ್ರ ಯಾವುದಕ್ಕೆ ಸಿಕ್ಕಿದ್ದು?

ಐಎಸ್‌ಓ 27001 ಅಂತ ಲೋಗೋ ಹಾಕಿದ್ದರೆ ಅದರ ವ್ಯಾಪ್ತಿಯ ಪುಟ ಕೇಳಿ. ಪ್ರಮಾಣಪತ್ರ ಮುಖ್ಯ ಕಚೇರಿಗೆ ಮಾತ್ರ ಇದ್ದು, ನಮ್ಮ ಸರ್ವರ್ ಇರುವ ಡೇಟಾ ಸೆಂಟರ್‌ಗೆ ಇಲ್ಲದಿರಬಹುದು. ಅಥವಾ ಡೇಟಾ ಸೆಂಟರ್‌ಗೆ ಇದ್ದು, ಸಪೋರ್ಟ್ ತಂಡಕ್ಕೆ ಇಲ್ಲದಿರಬಹುದು. ಸಾಕ್ 2 ವರದಿಯಲ್ಲಿ ಟೈಪ್ 1 ಅಂದರೆ ಒಂದು ದಿನದ ಫೋಟೋ. ಟೈಪ್ 2 ಅಂದರೆ ಹಲವು ತಿಂಗಳು ಹೇಳಿದಂತೆ ನಡೆದುಕೊಂಡರೋ ಅಂತ ನೋಡಿದ್ದು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಒಂದು ಇಂಟರ್ನಲ್ಸ್‌ಗೂ ಇಡೀ ಸೆಮಿಸ್ಟರ್‌ನ ಹಾಜರಾತಿಗೂ ಇರುವ ವ್ಯತ್ಯಾಸ.

7. ಅಪ್‌ಟೈಮ್ ಗ್ಯಾರಂಟಿ ಏನು ಕೊಡುತ್ತೆ?

99.9 ಶೇಕಡಾ ಅಂದರೆ 30 ದಿನದ ತಿಂಗಳಲ್ಲಿ ಸುಮಾರು 43 ನಿಮಿಷ ನಿಂತರೂ ಒಪ್ಪಂದ ಮುರಿದಂತಲ್ಲ. ಮುರಿದರೂ ಸಿಗೋದು ಸಾಮಾನ್ಯವಾಗಿ ಮುಂದಿನ ಬಿಲ್ಲಿನಲ್ಲಿ ಸ್ವಲ್ಪ ರಿಯಾಯಿತಿ. ಡೇಟಾ ಸೋರಿಕೆಗೂ ಈ ಅಂಕಿಗೂ ಸಂಬಂಧವೇ ಇಲ್ಲ. ಕಳ್ಳ ಒಳಗಿದ್ದಾಗಲೂ ಸರ್ವರ್ ಆರಾಮಾಗಿ 'ಅಪ್' ಆಗೇ ಇರುತ್ತದೆ.

8. ಬಿಟ್ಟು ಹೋಗಬೇಕಂದ್ರೆ?

ಡೇಟಾ ಯಾವ ರೂಪದಲ್ಲಿ ವಾಪಸ್ ಕೊಡುತ್ತಾರೆ, ಎಷ್ಟು ದಿನದಲ್ಲಿ, ಆಮೇಲೆ ಅವರ ಡಿಸ್ಕು, ಬ್ಯಾಕಪ್‌ಗಳಿಂದ ಯಾವಾಗ ಅಳಿಸುತ್ತಾರೆ? ಡೊಮೇನ್ ನೋಂದಣಿ ಮಾತ್ರ ಸಂಘದ ಹೆಸರಲ್ಲೇ, ಬೇರೆ ಕಡೆಯೇ ಇರಲಿ. ಹೋಸ್ಟಿಂಗ್‌ನವರ ಕೈಗೆ, ಅಥವಾ ನಮ್ಮಂಥ ವಿದ್ಯಾರ್ಥಿಗಳ ಜಿಮೇಲ್‌ಗೆ ಅದನ್ನು ಕಟ್ಟಿಹಾಕಬೇಡಿ. ನಾವು ಪಾಸ್ ಔಟ್ ಆಗಿ ಹೋಗುವವರು.

ನಾವು ಆರಿಸಿದ್ದು ಹೇಗೆ

ಮೊದಲ ಕಂಪನಿ ಉತ್ತರದ ಬದಲು ಬ್ರೋಶರ್ ಕಳಿಸಿತು. ಎರಡನೆಯವರು ಫೋನ್ ಮಾಡಿ, "ಹಂಡ್ರೆಡ್ ಪರ್ಸೆಂಟ್ ಸೆಕ್ಯೂರ್, ನೀವು ಟೆನ್ಶನ್ ತಗೋಬೇಡಿ" ಅಂದರು. ಬರೆದುಕೊಡಿ ಅಂದಾಗ ಸುಮ್ಮನಾದರು. ಮೂರನೆಯವರು ಎಂಟಕ್ಕೆ ಎಂಟೂ ಉತ್ತರಿಸಿದರು. ಅದರಲ್ಲಿ ಮೂರಕ್ಕೆ ಉತ್ತರ 'ಇಲ್ಲ' ಅಂತಲೇ ಇತ್ತು: ಕಂಟೇನರ್ ಇಮೇಜ್ ನಾವು ಮುಟ್ಟೋದಿಲ್ಲ, ಕೋಡ್ ಮಟ್ಟದ ದಾಳಿಗೆ ನಾವು ಹೊಣೆಯಲ್ಲ, ಅಳಿಸಲಾಗದ ಬ್ಯಾಕಪ್ ಬೇಕಿದ್ದರೆ ಬೇರೆ ದರ. ನಾವು ಆರಿಸಿದ್ದು ಇವರನ್ನೇ. 'ಇಲ್ಲ' ಅಂತ ಬರೆದುಕೊಟ್ಟವರ 'ಹೌದು' ನಂಬಬಹುದು ಅನ್ನಿಸಿತು.

ಸದಸ್ಯರ ಡೇಟಾ ಸಾಗಿಸುವ ಮುಂಚೆ ಸುಳ್ಳು ಹೆಸರು, ಸುಳ್ಳು ನಂಬರ್ ತುಂಬಿದ ಡೇಟಾಬೇಸ್ ಹಾಕಿ ಒಂದು ತಾಲೀಮು ಮಾಡಿದೆವು. ಒಂದು ಶನಿವಾರ ಸಂಜೆ ಸರ್ವರ್ ಬೇಕಂತಲೇ ಅಳಿಸಿ, ಸಪೋರ್ಟ್‌ಗೆ ಟಿಕೆಟ್ ಹಾಕಿ, ಗಡಿಯಾರ ನೋಡುತ್ತಾ ಕೂತೆವು. ಸುಮಾರು ನಾಲ್ಕು ಗಂಟೆಯಲ್ಲಿ ಸೈಟು ವಾಪಸ್ ಬಂತು. ಆದರೆ ಸದಸ್ಯರ ಫೋಟೋ ಯಾವುದೂ ಇಲ್ಲ! ಬ್ಯಾಕಪ್‌ನಲ್ಲಿ ಡೇಟಾಬೇಸ್ ಮಾತ್ರ ಸೇರಿತ್ತು, ಅಪ್‌ಲೋಡ್ ಫೋಲ್ಡರ್ ಸೇರಿರಲಿಲ್ಲ. ಫೋಲ್ಡರ್‌ನ ಹೆಸರು ಕೊಡಬೇಕಿದ್ದವರು ನಾವೇ. ಈ ತಾಲೀಮು ಮಾಡದೇ ಇದ್ದಿದ್ದರೆ ಇದು ಗೊತ್ತಾಗುತ್ತಿದ್ದದ್ದು ನಿಜವಾದ ಅನಾಹುತದ ದಿನ. ನಮ್ಮ ಪ್ರಕಾರ ಹೋಸ್ಟಿಂಗ್ ಆಯ್ಕೆಯಲ್ಲಿ ಇದಕ್ಕಿಂತ ಒಳ್ಳೇ ಪರೀಕ್ಷೆ ಇಲ್ಲ. ವರ್ಷಕ್ಕೆ ಎರಡು ಸಲ ಮಾಡಬೇಕು ಅಂತ ಸಂಘದ ನಡಾವಳಿ ಪುಸ್ತಕದಲ್ಲೇ ಬರೆಸಿದ್ದೇವೆ.

ಇನ್ನೊಂದು ಕೆಲಸಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಕಾರ್ಯದರ್ಶಿಗಳ ಪಕ್ಕ ಕೂತು ಒಂದೊಂದು ಕಾಲಮ್ ತೋರಿಸಿ ಕೇಳಿದೆವು, ಇದು ಯಾಕೆ ಬೇಕು? ಆಧಾರ್ ನಂಬರ್ ಪೂರ್ತಿ ಇಟ್ಟದ್ದಕ್ಕೆ ಕಾರಣವೇ ಇರಲಿಲ್ಲ. ಫಾರ್ಮ್‌ನಲ್ಲಿ ಇತ್ತು, ನಾವು ಟೇಬಲ್‌ನಲ್ಲಿ ಹಾಕಿದ್ದೆವು, ಅಷ್ಟೇ. ಈಗ ಕೊನೆಯ ನಾಲ್ಕು ಅಂಕಿ ಮಾತ್ರ ಇದೆ. ಮುಗಿದುಹೋದ ಹಳೇ ಸಾಲಗಳ ವಿವರ ಆನ್‌ಲೈನ್‌ನಿಂದ ತೆಗೆದು ಸಂಘದ ಬೀರುವಿಗೆ ಹೋಯಿತು. ಇಲ್ಲದ ಡೇಟಾ ಯಾರೂ ಕದಿಯಲಾರರು.

ಎಲ್ಲರಿಗೂ ಮ್ಯಾನೇಜ್ಡ್ ಬೇಕಾ?

ಬೇಡ. ನಿಮ್ಮ ಪೋರ್ಟ್‌ಫೋಲಿಯೋ, ಫೆಸ್ಟ್‌ನ ಸೈಟು, ಕಲಿಯೋಕೆ ಮಾಡಿದ ಪ್ರಾಜೆಕ್ಟ್, ಇವಕ್ಕೆ ಅಗ್ಗದ ವಿಪಿಎಸ್ಸೇ ಸರಿ. ಅಲ್ಲಿ ಮುರಿದರೇನೇ ಕಲಿಯೋದು. ಆದರೆ ಬೇರೆಯವರ ಹೆಸರು, ನಂಬರ್, ದುಡ್ಡಿನ ಲೆಕ್ಕ ಒಳಗೆ ಬಂದ ದಿನ ಒಂದು ಪ್ರಶ್ನೆ ಕೇಳಿಕೊಳ್ಳಿ: ನಮ್ಮ ಸೆಮಿಸ್ಟರ್ ಪರೀಕ್ಷೆಯ ದಿನ ಒಂದು ದೊಡ್ಡ ದೋಷ ಹೊರಬಿದ್ದರೆ, ಆವತ್ತೇ ಪ್ಯಾಚ್ ಹಾಕೋರು ಯಾರು? ಹೆಸರು ಹೇಳಲಾಗದಿದ್ದರೆ ಮ್ಯಾನೇಜ್ಡ್ ಸೇವೆಗೆ ಹೋಗಿ. ಹೋದ ಮೇಲೂ ಒಂದು ಹಾಳೆಯಲ್ಲಿ ಪದರಗಳನ್ನು ಬರೆದು, ಪ್ರತಿಯೊಂದರ ಎದುರು 'ಅವರು' ಅಥವಾ 'ನಾವು' ಅಂತ ಬರೆಯಿರಿ. ಯಾವುದರ ಎದುರಾದರೂ ಜಾಗ ಖಾಲಿ ಉಳಿದರೆ ಕಳ್ಳ ಬರೋದು ಅಲ್ಲಿಂದಲೇ. ನಮ್ಮ 5432 ಪೋರ್ಟ್ ಅಂಥ ಖಾಲಿ ಜಾಗದಲ್ಲೇ ಇತ್ತು.

ಸಂಘಕ್ಕೆ ಈಗ ತಿಂಗಳಿಗೆ ಮೊದಲಿಗಿಂತ ಕೆಲವು ಪಟ್ಟು ಜಾಸ್ತಿ ಖರ್ಚು. ಸಭೆಯಲ್ಲಿ ಒಬ್ಬರು ಇದು ದುಬಾರಿ ಅಂದರು. ಕಾರ್ಯದರ್ಶಿಗಳು ಹೇಳಿದ್ದು ಇಷ್ಟೇ: "ಬೀರುವಿಗೆ ಬೀಗ ತಂದಾಗ ಕೇಳಿದ್ರಾ ದುಬಾರಿ ಅಂತ?" ಆಮೇಲೆ ನಮ್ಮ ಕಡೆ ತಿರುಗಿ, "ಬೀಗ ಅವರದು ಆದ್ರೂ ಕೀಲಿ ನಿಮ್ ಕೈಯಾಗೆ ಐತೆ, ನೆನಪಿರಲಿ" ಅಂದರು. ಆ ವಾರವೇ ಎಲ್ಲ ಪಾಸ್‌ವರ್ಡ್ ಬದಲಿಸಿ ಸಂಘದವರ ಕೈಗೆ ಒಪ್ಪಿಸಿದೆವು. ನಮ್ಮ ನಾಲ್ವರಲ್ಲಿ ಇಬ್ಬರ ಕೀಲಿ ಮಾತ್ರ ಉಳಿದಿದೆ. ಅದನ್ನು ತೆಗೆಯಬೇಕಾದ ತಾರೀಖೂ ನಡಾವಳಿಯಲ್ಲಿದೆ: ನಮ್ಮ ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿಯುವ ದಿನ.